ಯಾರಿಗೂ ಅಲ್ಲದ ತುಂಡು

ಹೆಂಗಸೊಬ್ಬಳು ಮಡಿಲಲ್ಲಿ ಉಲ್ಲನ್ ಉಂಡೆ ಇಟ್ಟುಕೊಂಡು ಕಡ್ಡಿ ಆಡಿಸುತ್ತ ಕೂತಿದ್ದರೆ, ನೋಡಿದವರು ಕೇಳುವ ಮೊದಲ ಪ್ರಶ್ನೆ ‘ಏನು ಹಾಕ್ತಿದೀರಿ?’ ಎಂದಲ್ಲ, ‘ಯಾರಿಗೆ?’ ಎಂದು. ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿ ಕಾಯುವಾಗ, ಮದುವೆ ಛತ್ರದಲ್ಲಿ ಊಟದ ಪಂಕ್ತಿಗೆ ಕಾಯುವಾಗ, ಕೆಂಗೇರಿಯಿಂದ ಬರುವ ಮೆಟ್ರೋ ರೈಲಿನಲ್ಲಿ ಕೂಡ ನನಗೆ ಈ ಪ್ರಶ್ನೆ ಎದುರಾಗಿದೆ. ಕೇಳುವವರೇ ಉತ್ತರವನ್ನೂ ಒದಗಿಸುತ್ತಾರೆ. ‘ಮೊಮ್ಮಗೂಗಾ?’ ‘ಯಜಮಾನ್ರಿಗಾ?’ ‘ಮಗಳು ಬಸುರಿಯಾ?’ ಹೌದೆಂದರೆ ಅವರಿಗೆ ಸಂತೋಷ. ‘ಯಾರಿಗೂ ಇಲ್ಲ, ಕಲೀತಿದೀನಿ ಅಷ್ಟೆ’ ಎಂದರೆ ಮಾತ್ರ ಅರಳುತ್ತಿದ್ದ ಮುಖ ಅರ್ಧಕ್ಕೇ ನಿಲ್ಲುತ್ತದೆ. ‘ಓ, ಟೈಂಪಾಸಾ?’ ಎಂದು ಕಿಟಕಿಯ ಕಡೆ ತಿರುಗುತ್ತಾರೆ.

ಅವರ ಮೇಲೆ ನನಗೇನೂ ಕೋಪವಿಲ್ಲ. ಆದರೆ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಯಾರಿಗೂ ಅಲ್ಲದ ಒಂದು ಕೆಲಸಕ್ಕೆ ಹೊತ್ತು, ದುಡ್ಡು, ಕಣ್ಣು ಇವನ್ನೆಲ್ಲ ಸವೆಸುವುದು ಸರಿಯೆ? ಹೆಂಗಸಿನ ಕೈ ಆಡುತ್ತಿದೆ ಎಂದರೆ ಅದರ ತುದಿಯಲ್ಲಿ ಇನ್ನೊಬ್ಬರ ಮೈ ಇರಲೇಬೇಕೆ?

ನಾನು ಹಾಕುವುದು ಸ್ವೆಟರಲ್ಲ, ಸ್ಯಾಂಪಲ್ ತುಂಡುಗಳು. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ, ಊಟದ ಕೆಲಸ ಮುಗಿದು ಸಂಜೆಯ ಕಾಫಿಗೆ ಇನ್ನೂ ಹೊತ್ತಿರುವಾಗ, ನಾವು ಐದಾರು ಜನ ಅವರ ವರಾಂಡದಲ್ಲಿ ಸೇರುತ್ತೇವೆ. ರಾಜಾಜಿನಗರದಿಂದ ಒಬ್ಬರು, ವಿಜಯನಗರದಿಂದ ಇಬ್ಬರು, ಉಳಿದವರು ಅಕ್ಕಪಕ್ಕದವರೇ. ಮೇಡಂ ಮೊದಲ ದಿನವೇ ನಿಯಮ ಹಾಕಿದರು: ‘ಒಂದು ವರ್ಷ ಯಾರೂ ಸ್ವೆಟರಿನ ಹೆಸರೆತ್ತಬಾರದು. ಬರೀ ತುಂಡು. ಅಗಲಕ್ಕೆ 30 ಕುಣಿಕೆ, ಉದ್ದಕ್ಕೆ 40 ಸಾಲು. ಒಂದೊಂದು ತುಂಡಿಗೂ ಒಂದೊಂದು ಹೆಣಿಗೆ.’

ಉಲ್ಲನ್ ಹೆಣಿಗೆಯಲ್ಲಿ ಇರುವುದು ಎರಡೇ ಎರಡು ಕ್ರಿಯೆ: ಸೀದಾ ಮತ್ತು ಉಲ್ಟಾ. ದಾರವನ್ನು ಹಿಂದಿಟ್ಟುಕೊಂಡು ಕುಣಿಕೆ ಎಳೆದರೆ ಸೀದಾ, ಮುಂದಿಟ್ಟುಕೊಂಡು ಎಳೆದರೆ ಉಲ್ಟಾ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಇವು ಎರಡೂ ಅಲ್ಲ, ಒಂದೇ. ಸೀದಾ ಕುಣಿಕೆಯ ಬೆನ್ನೇ ಉಲ್ಟಾ. ಈ ಒಂದರಿಂದಲೇ ನೂರಾರು ಬಗೆಯ ಉಬ್ಬುತಗ್ಗು ಹುಟ್ಟುತ್ತದೆ. ಎಲ್ಲ ಸಾಲೂ ಸೀದಾ ಹಾಕಿದರೆ ಎರಡೂ ಬದಿಯಲ್ಲಿ ಉಳುಮೆ ಮಾಡಿದ ಹೊಲದ ಹಾಗೆ ಸಾಲುಸಾಲು ದಿಬ್ಬ. ಬಟ್ಟೆ ಚಪ್ಪಟೆಯಾಗಿ ಕೂರುತ್ತದೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕಿದರೆ ಮುಖ ನುಣುಪು, ಆದರೆ ಅಂಚುಗಳು ಬಿಸಿಲಿಗಿಟ್ಟ ಬಾಳೆಲೆಯಂತೆ ಸುರುಟಿಕೊಳ್ಳುತ್ತವೆ. ಐದು ಸೀದಾ ಐದು ಉಲ್ಟಾ ಹಾಕುತ್ತ ಹೋಗಿ, ಕೆಲವು ಸಾಲಿಗೊಮ್ಮೆ ಅವುಗಳ ಜಾಗ ಅದಲುಬದಲು ಮಾಡಿದರೆ ಬಿದಿರು ಬುಟ್ಟಿಯ ಹೆಣಿಗೆ. ಮೂರು ಕುಣಿಕೆಯನ್ನು ಹೇರ್‌ಪಿನ್ನಿಗೆ ಏರಿಸಿ ಪಕ್ಕಕ್ಕಿಟ್ಟು, ಮುಂದಿನ ಮೂರನ್ನು ಮೊದಲು ಹೆಣೆದು, ಆಮೇಲೆ ಇವನ್ನು ಹೆಣೆದರೆ ಒಂದರ ಮೇಲೊಂದು ಹಾಯ್ದು ಜಡೆ ಮೂಡುತ್ತದೆ, ಅದೇ ಕೇಬಲ್.

ಇವುಗಳಲ್ಲಿ ನನಗೆ ಬಹಳ ದಿನ ಸೋಜಿಗ ಹುಟ್ಟಿಸಿದ್ದು ಒಂದು ಸಣ್ಣ ಲೆಕ್ಕ. ಕಡ್ಡಿಯ ಮೇಲೆ 30 ಕುಣಿಕೆ ಇಟ್ಟುಕೊಂಡು ಪ್ರತಿ ಸಾಲನ್ನೂ ‘ಒಂದು ಸೀದಾ, ಒಂದು ಉಲ್ಟಾ’ ಎಂದು ಹೆಣೆಯಿರಿ; ಸ್ವೆಟರಿನ ತೋಳಿನ ತುದಿಯಲ್ಲಿರುವಂಥ ಉದ್ದ ಪಟ್ಟೆ ಬರುತ್ತದೆ. 31 ಕುಣಿಕೆ ಇಟ್ಟುಕೊಂಡು ಅದೇ ಮಂತ್ರ ಹೇಳಿ. ಪಟ್ಟೆಯ ಬದಲು ರಾಗಿ ಚೆಲ್ಲಿದ ಹಾಗೆ ಕಾಳುಕಾಳು, ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ. ಕೈ ಅದೇ, ದಾರ ಅದೇ, ಮಂತ್ರವೂ ಅದೇ. ಒಂದು ಕುಣಿಕೆ ಹೆಚ್ಚಾದದ್ದಕ್ಕೆ ಬಟ್ಟೆಯ ಸ್ವಭಾವವೇ ಬೇರೆಯಾಯಿತು. ಇದನ್ನು ಓದಿ ತಿಳಿಯಬಹುದು. ಬೆರಳಿಗೆ ತಿಳಿಯಬೇಕಾದರೆ ಎರಡು ತುಂಡು ಹಾಕಿಯೇ ನೋಡಬೇಕು.

ಇಂಥ ತುಂಡುಗಳಿಗೆ ಒಂದು ಲಾಭದ ಸಮರ್ಥನೆ ಸುಲಭವಾಗಿ ಸಿಗುತ್ತದೆ. 36 ಇಂಚಿನ ಸ್ವೆಟರಿಗೆ ಇಂಚಿಗೆ 5 ಕುಣಿಕೆಯಂತೆ 180 ಕುಣಿಕೆ ಎತ್ತಿಕೊಂಡಿರಿ ಎನ್ನಿ. ನಿಮ್ಮ ಕೈ ಕೊಂಚ ಬಿಗಿಯಾಗಿ ಇಂಚಿಗೆ ಐದೂವರೆ ಕುಣಿಕೆ ಕೂತರೆ ಅದೇ 180 ಕುಣಿಕೆ 33 ಇಂಚೂ ಆಗುವುದಿಲ್ಲ; ಯಜಮಾನರ ಸ್ವೆಟರು ಮಗನ ಪಾಲಾಗುತ್ತದೆ. ಮೊದಲೇ ಒಂದು ತುಂಡು ಹಾಕಿ, ತೊಳೆದು, ಒಣಗಿಸಿ ಅಳೆದರೆ ಈ ಪಾಡಿಲ್ಲ. ಕೇಬಲ್ ಬಟ್ಟೆಯನ್ನು ಅಗಲದಲ್ಲಿ ಎಳೆದುಕೊಳ್ಳುತ್ತದೆ, ದಿಬ್ಬದ ಹೆಣಿಗೆ ಉದ್ದದಲ್ಲಿ ಕುಗ್ಗುತ್ತದೆ. ಇದನ್ನೂ ತುಂಡೇ ಹೇಳುತ್ತದೆ. ಇನ್ನೊಬ್ಬರಿಗೆಂದು ಹಾಕಿದ ಸ್ವೆಟರಿನ ಮುಂದೆ ನಾವು ‘ತೊಳೆದರೆ ಸರಿಹೋಗುತ್ತೆ’ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ತುಂಡಿನ ಮುಂದೆ ಆ ಮಾತು ಬೇಕಾಗುವುದಿಲ್ಲ.

ಆದರೆ ಈ ಸಮರ್ಥನೆ ನಮ್ಮ ವರಾಂಡಕ್ಕೆ ಅನ್ವಯಿಸುವುದಿಲ್ಲ. ನಾವು ಯಾವ ಸ್ವೆಟರಿಗೂ ಅಳತೆ ನೋಡುತ್ತಿಲ್ಲ. ಹಾಗೆ ನೋಡಿದರೆ ಕೈಯಲ್ಲಿ ಹೆಣೆದ ಸ್ವೆಟರೇ ಇಂದು ಬೆಂಗಳೂರಿಗೆ ಅಗತ್ಯವಲ್ಲ. ಈ ಊರಿನ ದಾಖಲೆಯ ಚಳಿ 7.8 ಡಿಗ್ರಿ, ಅದು 1884ರ ಜನವರಿಯಲ್ಲಿ. ಅದೇ 1884ರಲ್ಲಿ ಶುರುವಾದ ಉಲ್ಲನ್ ಮಿಲ್ಲು, ಜನರ ಬಾಯಲ್ಲಿ ಬಿನ್ನಿ ಮಿಲ್ಲು, ಕಂಬಳಿ ನೇಯ್ದು ಹೆಸರು ಮಾಡಿತ್ತು. ಈಗ ಮಿಲ್ಲಿಲ್ಲ, ಮಾಗಡಿ ರಸ್ತೆಯ ಮಗ್ಗುಲಲ್ಲಿ ಬಿನ್ನಿಪೇಟೆ ಎಂಬ ಹೆಸರು, ಮಿಲ್ಲಿನ ಜಾಗದಲ್ಲಿ ಎತ್ತರದ ಅಪಾರ್ಟ್‌ಮೆಂಟುಗಳು. ಚಳಿಗೆ ಬೇಕಾದ್ದನ್ನು ಅಂಗಡಿ ಕೊಡುತ್ತದೆ. ಕೈಯಲ್ಲಿ ಹೆಣೆದದ್ದಕ್ಕೆ ಉಳಿದಿರುವ ಬೆಲೆ ಪ್ರೀತಿಯದು ಮಾತ್ರ, ಅದನ್ನು ತೊಡುವವರಿಂದ ಬರುವ ಬೆಲೆ. ತೊಡುವವರೇ ಇಲ್ಲದ ತುಂಡಿಗೆ ಅದೂ ಇಲ್ಲ.

ಇಲ್ಲಿಗೆ ಬಂದಾಗ ನಮ್ಮ ಬಡಾವಣೆಗೆ ಹೆಸರು ಕೊಟ್ಟ ಬಸವಣ್ಣನವರು ನೆನಪಾಗುತ್ತಾರೆ. 12ನೇ ಶತಮಾನದ ಶರಣರು ಕೆಲಸವನ್ನು ಕಾಯಕವೆಂದರು. ಆದರೆ ಕಾಯಕವನ್ನು ಒಂಟಿಯಾಗಿ ಬಿಡಲಿಲ್ಲ, ದಾಸೋಹವನ್ನು ಅದರ ಜೊತೆಗೆ ಕಟ್ಟಿದರು. ದುಡಿದದ್ದು ಇನ್ನೊಬ್ಬರಿಗೆ ಮುಟ್ಟಬೇಕು. ಆಯ್ದಕ್ಕಿ ಲಕ್ಕಮ್ಮನ ಕತೆ ನಮಗೆಲ್ಲ ಗೊತ್ತು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದದ್ದು ಇಷ್ಟಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದವಳು ಆಕೆ. ನನ್ನ ಡಬ್ಬದಲ್ಲಿ ಈಗ ನಲವತ್ತಕ್ಕೂ ಹೆಚ್ಚು ತುಂಡುಗಳಿವೆ. ಲಕ್ಕಮ್ಮ ಬಂದು ಆ ಡಬ್ಬದ ಮುಚ್ಚಳ ತೆಗೆದರೆ ಏನೆಂದಾಳು?

ಉಲ್ಲನ್ನಿನ ಲೆಕ್ಕವನ್ನು ನಾನು ಆಕೆಗೆ ಒಪ್ಪಿಸಬಲ್ಲೆ. 50 ಗ್ರಾಂ ಉಂಡೆಯಲ್ಲಿ ಸುಮಾರು ಮೂರು ತುಂಡು. ಬೇಡವೆನಿಸಿದರೆ ಒಂದು ತುದಿ ಎಳೆದರಾಯಿತು, ಇಡೀ ತುಂಡು ಬಿಚ್ಚಿಕೊಂಡು ಮತ್ತೆ ದಾರವಾಗುತ್ತದೆ. ಜಡೆ ಬಿಚ್ಚಿದ ಕೂದಲಿನಂತೆ ಗುಂಗುರಾಗಿರುತ್ತದೆ, ನಿಜ. ಲಡಿ ಮಾಡಿ, ನೀರಲ್ಲಿ ಅದ್ದಿ, ಕೆಳಗೊಂದು ಭಾರ ಕಟ್ಟಿ ನೇತುಹಾಕಿದರೆ ನೆಟ್ಟಗಾಗುತ್ತದೆ. ಹೊಲಿದ ಬಟ್ಟೆಯನ್ನು ಬಿಚ್ಚಿದರೆ ಕತ್ತರಿಯ ಗಾಯ ಉಳಿಯುತ್ತದೆ. ಹೆಣೆದದ್ದನ್ನು ಬಿಚ್ಚಿದರೆ ಏನೂ ಉಳಿಯುವುದಿಲ್ಲ, ಒರೆಸಿದ ಸ್ಲೇಟಿನ ಹಾಗೆ. ಆದರೆ ಲಕ್ಕಮ್ಮ ಅಷ್ಟಕ್ಕೆ ಬಿಡುವವಳಲ್ಲ. ‘ಉಲ್ಲನ್ ವಾಪಸು ಬಂತು, ಹೊತ್ತು?’ ಎಂದು ಕೇಳುತ್ತಾಳೆ. ಅದು ವಾಪಸು ಬರುವುದಿಲ್ಲ.

ಹೊತ್ತಿನ ಮಾತಿಗೆ ಬಂದರೆ, ಯಾರಿಗೂ ಅಲ್ಲದ ಕೆಲಸಕ್ಕೆ ನಾವು ಮೊದಲಿನಿಂದಲೂ ಮರ್ಯಾದೆ ಕೊಟ್ಟಿದ್ದೇವೆ ಎಂಬುದನ್ನೂ ಹೇಳಬೇಕು. ಕರ್ನಾಟಕ ಸಂಗೀತ ಕಲಿಯುವ ಮಗು ಮೊದಲು ಹಾಡುವುದು ಸರಳೆ ವರಸೆ, ಆಮೇಲೆ ಜಂಟಿ ವರಸೆ, ಅಲಂಕಾರ. ಮಾಯಾಮಾಳವಗೌಳ ರಾಗದಲ್ಲಿ ಈ ಪಾಠಗಳನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಪರಂಪರೆ ಹೇಳುತ್ತದೆ. ದೇವರನ್ನು ಕರೆದು ಅಷ್ಟೊಂದು ಪದ ಹಾಡಿದ ದಾಸರು, ದೇವರ ಹೆಸರೂ ಇಲ್ಲದ, ಯಾರ ಮುಂದೂ ಹಾಡಲಾಗದ ಬರೀ ಸ್ವರಗಳನ್ನು ಜೋಡಿಸಿ ಕೊಟ್ಟರಲ್ಲ! ಯಾವ ಕಚೇರಿಯಲ್ಲೂ ಯಾರೂ ಸರಳೆ ವರಸೆ ಹಾಡುವುದಿಲ್ಲ. ಅದಿಲ್ಲದೆ ಕಚೇರಿಯೂ ಇಲ್ಲ. ಸಂಜೆ ಆಟದ ಮೈದಾನಗಳಲ್ಲಿ ಹುಡುಗರು ನೆಟ್ ಕಟ್ಟಿಕೊಂಡು ಗಂಟೆಗಟ್ಟಲೆ ಬೌಲ್ ಮಾಡುತ್ತಾರೆ. ಆ ಚೆಂಡುಗಳಿಗೆ ರನ್ನಿಲ್ಲ, ವಿಕೆಟ್ಟಿಲ್ಲ. ‘ಯಾರಿಗಪ್ಪಾ ಈ ಬೌಲಿಂಗು?’ ಎಂದು ಯಾರೂ ಕೇಳುವುದಿಲ್ಲ. ಅದು ಪ್ರಾಕ್ಟೀಸು, ಸರಿಯಾದದ್ದೇ. ಅದೇ ಮನೆಯ ತಾಯಿ ಅದೇ ಹೊತ್ತಿನಲ್ಲಿ 30 ಕುಣಿಕೆಯ ತುಂಡು ಹಾಕುತ್ತ ಕೂತರೆ ಮಾತ್ರ ಅದಕ್ಕೊಂದು ವಾರಸುದಾರರು ಬೇಕು.

ಇದು ನಮ್ಮ ಊರಿನ ಪಾಡೊಂದೇ ಅಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ 1598ರ ಇಸವಿ ಹೊತ್ತ ಕಸೂತಿ ಮಾದರಿ ಬಟ್ಟೆಯೊಂದಿದೆ. ಜೇನ್ ಬಾಸ್ಟಾಕ್ ಎಂಬಾಕೆ ನಾನಾ ಬಗೆಯ ಹೊಲಿಗೆಗಳನ್ನು ಒಂದೇ ಬಟ್ಟೆಯ ಮೇಲೆ ಹಾಕಿ ತನ್ನ ಹೆಸರನ್ನೂ ಬರೆದಿದ್ದಾಳೆ. ಜೊತೆಗೆ ಆಲಿಸ್ ಲೀ ಎಂಬ ಮಗು ಹುಟ್ಟಿದ ದಿನವನ್ನೂ ಹೊಲಿದಿದ್ದಾಳೆ. ನಾನೂರು ವರ್ಷಕ್ಕೂ ಹಿಂದಿನ ಮಾದರಿ ತುಂಡು ಕೂಡ ‘ಯಾರಿಗೆ?’ ಎಂಬ ಪ್ರಶ್ನೆಗೆ ಉತ್ತರವನ್ನು ಅಂಚಿನಲ್ಲೇ ಕಟ್ಟಿಕೊಂಡು ಬಂದಿದೆ! ಆ ಉತ್ತರದ ಹಂಗಿಲ್ಲದೆ ಕೆಲಸ ಮಾಡಿದವರೂ ಇದ್ದಾರೆ. ಅಮೆರಿಕದ ಬಾರ್ಬರಾ ವಾಕರ್ 1968ರಲ್ಲಿ ಹೊರತಂದ ‘ಎ ಟ್ರೆಷರಿ ಆಫ್ ನಿಟ್ಟಿಂಗ್ ಪ್ಯಾಟರ್ನ್ಸ್’ ಎಂಬ ದಪ್ಪ ಪುಸ್ತಕದಲ್ಲಿ ಸ್ವೆಟರಿಲ್ಲ, ಟೋಪಿಯಿಲ್ಲ. ಐನೂರಕ್ಕೂ ಹೆಚ್ಚು ಹೆಣಿಗೆಗಳು, ಒಂದೊಂದರ ಮಾದರಿ ತುಂಡಿನ ಚಿತ್ರ, ಅಷ್ಟೆ. ನಮ್ಮ ಮೇಡಂ ಬಳಿ ಅದರ ಹಳೆಯ ಪ್ರತಿಯೊಂದಿದೆ. ವರಾಂಡದಲ್ಲಿ ಅದಕ್ಕೆ ಪಂಚಾಂಗದ ಸ್ಥಾನ.

ಇಷ್ಟಾದರೂ ಸಂಗೀತ, ಕ್ರಿಕೆಟ್ಟಿನ ಹೋಲಿಕೆ ಪೂರ್ತಿ ಒಪ್ಪುವಂಥದ್ದಲ್ಲ. ಸರಳೆ ವರಸೆಯ ಮುಂದೆ ಎಂದಾದರೂ ಒಂದು ಕಚೇರಿ ಇದೆ. ನೆಟ್ಟಿನಾಚೆ ಒಂದು ಮ್ಯಾಚಿದೆ. ನಮ್ಮ ಗುಂಪಿನಲ್ಲಿ ಎಪ್ಪತ್ತಾರು ವರ್ಷದ ಅಜ್ಜಿಯೊಬ್ಬರಿದ್ದಾರೆ. ಬೆರಳ ಗಂಟುಗಳು ಊದಿವೆ. ಒಂದು ಸಾಲು ಮುಗಿಸಿ ಕೈ ಕೊಡವಿ ಮತ್ತೆ ಶುರು ಮಾಡುತ್ತಾರೆ. ಅವರ ಮೊಮ್ಮಕ್ಕಳು ಪರದೇಶದಲ್ಲಿ. ಅಲ್ಲಿಯ ಚಳಿಗೆ ಅಲ್ಲಿಯ ಜಾಕೀಟುಗಳಿವೆ. ಅವರು ಸ್ವೆಟರು ಹಾಕುವುದಿಲ್ಲ, ಅದು ಅವರಿಗೂ ಗೊತ್ತು ನಮಗೂ ಗೊತ್ತು. ಹಿಂದಿನ ಚಳಿಗಾಲದಲ್ಲಿ ಅವರು ಮೂರು ವಾರ ಹಿಡಿದು ಜೇನುಗೂಡಿನ ಕೇಬಲ್ ಕಲಿತರು. ಗೂಡಿನ ಮೊದಲ ಕಣ್ಣು ಮುಚ್ಚಿಕೊಂಡಾಗ ತುಂಡನ್ನು ದೂರ ಹಿಡಿದು ನೋಡಿ, ‘ಹೀಗೋ ವಿಷಯ!’ ಎಂದರು. ಅಷ್ಟೇ ಮಾತು.

ಆ ಮಾತಿನ ಮುಂದೆ ‘ಮುಂದೆ ಉಪಯೋಗಕ್ಕೆ ಬರುತ್ತೆ’ ಎಂಬ ವಾದವೆಲ್ಲ ಸಣ್ಣದಾಗಿ ಕಂಡಿತು ನನಗೆ. ಅಭ್ಯಾಸ ಮುಂದಿನದಕ್ಕೆ ಸಿದ್ಧತೆ ಎಂದೇ ನಾವು ತಿಳಿದಿದ್ದೇವೆ. ಮುಂದೆ ಏನೂ ಬಾಕಿ ಇಲ್ಲದವರು ಕಲಿಯುವಾಗ ಗೊತ್ತಾಗುತ್ತದೆ, ಕಲಿಯುವುದು ಬದುಕಿಗೆ ಸಿದ್ಧತೆಯಲ್ಲ, ಬದುಕಿನ ಭಾಗವೇ ಎಂದು. ಹಸಿವಿಗೆ ಅನ್ನ ಹೇಗೋ ಹಾಗೆ ಇದೂ ಒಂದು ಬೇಕು. ಎಪ್ಪತ್ತಾರನೆಯ ವಯಸ್ಸಿನಲ್ಲಿ ‘ಹೀಗೋ ವಿಷಯ!’ ಎನ್ನುವ ಒಂದು ಗಳಿಗೆ ಹೆಚ್ಚಿನ ಅಕ್ಕಿಯಲ್ಲ, ಆ ದಿನದ ಅಕ್ಕಿಯೇ. ಲಕ್ಕಮ್ಮನಿಗೆ ನಾನು ಕೊಡಬಹುದಾದ ಉತ್ತರ ಇದು. ಅದನ್ನು ಆಕೆ ಒಪ್ಪಿಯಾಳು ಎಂದು ನೆಮ್ಮದಿಯಾಗಿದ್ದೆ ಕೂಡ.

ನೆಮ್ಮದಿ ಕೆಡಿಸಿದ್ದು ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ. ಒಂದು ದಿನ ಟೀಪಾಯಿ ಒರೆಸುತ್ತ ಅಲ್ಲಿದ್ದ ಕಾಳು ಹೆಣಿಗೆಯ ತುಂಡನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದಳು. ‘ಅಕ್ಕಾ, ಇದು ಹಿಂದೆ ಮುಂದೆ ಒಂದೇ ಥರ ಇದೆಯಲ್ಲ!’ ಎಂದಳು. ಮನೆಗೆ ಬಂದವರು ಎಷ್ಟೋ ಜನ ಆ ತುಂಡನ್ನು ನೋಡಿದ್ದರು. ತಿರುಗಿಸಿ ನೋಡಿದವಳು ಇವಳೊಬ್ಬಳೇ. ಕೇಳಿದರೆ, ಆರು ವರ್ಷ ಮೈಸೂರು ರಸ್ತೆಯ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಟೈಲರಾಗಿದ್ದಳಂತೆ. ‘ಬರೀ ಕಾಲರ್ ಅಕ್ಕಾ. ಆರು ವರ್ಷದಲ್ಲಿ ಒಂದು ಪೂರ್ತಿ ಷರ್ಟು ಹೊಲಿದಿಲ್ಲ. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ಟು, ಮೇಲೆತ್ತಿ ನೋಡೋಕೂ ಟೈಮಿಲ್ಲ.’

ನಾನು ಇದು ಸ್ಯಾಂಪಲ್ ತುಂಡು ಎಂದಾಗ ಅವಳ ಕಣ್ಣು ಅರಳಿತು. ‘ನಮ್ಮಲ್ಲೂ ಸ್ಯಾಂಪಲ್ ಟೈಲರ್ ಅಂತ ಇರೋರು. ಅವರಿಗೆ ಬೇರೆ ರೂಮು. ಕಾಲರು, ತೋಳು, ಜೇಬು, ಪೂರ್ತಿ ಷರ್ಟು ಅವರೇ ಹೊಲಿಯೋರು. ಸರಿ ಬರ್ಲಿಲ್ಲ ಅಂದ್ರೆ ಬಿಚ್ಚಿ ಇನ್ನೊಂದ್ಸಲ. ನಮ್ ಥರ ಗಂಟೆ ಲೆಕ್ಕ ಇಲ್ಲ. ಲೈನಲ್ಲಿ ಹಾಗಾಗಲ್ಲ, ಒಂದು ಪೀಸು ವಾಪಸ್ ಬಂದ್ರೂ ಬೈಗುಳ. ನಂಗೆ ಆ ರೂಮಿಗೆ ಹೋಗ್ಬೇಕು ಅಂತ ಭಾಳ ಆಸೆ ಇತ್ತು.’

‘ಗುರುವಾರ ಮೂರು ಗಂಟೆಗೆ ಬರ್ತೀಯೇನಮ್ಮ, ನೀನೂ ಕಲಿ’ ಎಂದೆ.

‘ಮೂರು ಗಂಟೆಗೆ ನಂಗೆ ಇನ್ನೂ ಎರಡು ಮನೆ ಇದಾವಕ್ಕಾ’ ಎಂದು ನಕ್ಕು ಒರೆಸುವ ಬಟ್ಟೆ ಹಿಂಡಿದಳು.

ಅವಳು ಹೊಲಿದ ಸಾವಿರಾರು ಕಾಲರುಗಳೆಲ್ಲ ಯಾರಿಗೋ ಆಗಿದ್ದವು. ಯಾರ ಕೊರಳನ್ನೂ ಅವಳು ನೋಡಲಿಲ್ಲ. ‘ಯಾರಿಗೆ?’ ಎಂಬ ಪ್ರಶ್ನೆಗೆ ಉತ್ತರವಿದ್ದ ಮಾತ್ರಕ್ಕೆ ಕೆಲಸಕ್ಕೆ ಅರ್ಥ ಬರುವುದಾದರೆ ಅವಳ ಆರು ವರ್ಷದಷ್ಟು ಅರ್ಥಪೂರ್ಣವಾದದ್ದು ಇನ್ನೊಂದಿಲ್ಲ. ಅವಳು ಆಸೆಪಟ್ಟದ್ದು ಮಾತ್ರ ಆ ಇನ್ನೊಂದು ಕೋಣೆಗೆ: ತಪ್ಪಿದರೆ ಬಿಚ್ಚಬಹುದಾದ, ಪೂರ್ತಿಯಾಗಿ ಒಂದನ್ನು ಮಾಡಿ ನೋಡಬಹುದಾದ ಕೋಣೆಗೆ. ಗುರುವಾರದ ವರಾಂಡ ಎಂದರೆ ನನಗೆ ಆ ಕೋಣೆಯೇ. ನಾನು ಅಲ್ಲಿ ಕೂತಿರುವಾಗ ನನ್ನ ಮನೆಯ ಪಾತ್ರೆಗಳು ಅವಳ ಕೈಯಲ್ಲಿ ತೊಳೆದಾಗಿರುತ್ತವೆ.

ಹಾಗಾಗಿ ನನಗೀಗ ಅನಿಸುವುದಿಷ್ಟು. ‘ಯಾರಿಗೆ?’ ಎಂದು ತುಂಡನ್ನು ನೋಡಿ ಕೇಳಬೇಕಾಗಿಲ್ಲ; ಅದು ಯಾರಿಗೂ ಅಲ್ಲದೆಯೇ ಇರಬಹುದು, ಇರಲಿ. ಕೇಳಬೇಕಾದದ್ದು ತುಂಡು ಹಾಕುವ ಹೊತ್ತನ್ನು ನೋಡಿ: ಈ ಹೊತ್ತು ಯಾರಿಗೆ ಸಿಗುತ್ತದೆ? ತಪ್ಪು ಮಾಡಿ ಬಿಚ್ಚುವ ಅನುಮತಿ ಯಾರಿಗಿದೆ? ಹುಡುಗರಿಗೆ ಕೊಟ್ಟಿದ್ದೇವೆ, ಸಂಗೀತ ಕಲಿಯುವ ಮಕ್ಕಳಿಗೆ ಕೊಟ್ಟಿದ್ದೇವೆ. ಹೆಂಗಸರು ತಮಗೆ ತಾವೇ ಕೊಟ್ಟುಕೊಳ್ಳಲು ಹಿಂಜರಿಯುತ್ತೇವೆ. ಕೊಟ್ಟುಕೊಂಡಾಗಲೂ ಅದು ಎಲ್ಲಿಂದ ಬಂತೆಂದು ನೋಡುವುದಿಲ್ಲ. ದಾಸೋಹವೆಂಬುದು ಹೆಣೆದ ಬಟ್ಟೆಗೆ ಮಾತ್ರ ಸಲ್ಲುವ ಮಾತೇ? ಬಿಡುವಿಗೂ ಸಲ್ಲಬೇಡವೆ?

ವರಾಂಡದಲ್ಲಿ ಈ ಮಾತು ಬಂದು, ಮೇಡಂ ಭಾನುವಾರ ಸಂಜೆಯೂ ಬಾಗಿಲು ತೆರೆಯುವುದಾಗಿ ಹೇಳಿದರು. ಅವಳು ಬರುತ್ತಾಳೆ, ಎಲ್ಲ ವಾರವೂ ಅಲ್ಲ. ಬಂದ ಮೊದಲ ದಿನವೇ, ‘ತುಂಡು ಬೇಡ ಮೇಡಂ, ಮಗಳಿಗೆ ಒಂದು ಟೋಪಿ ಹೇಳ್ಕೊಡಿ’ ಎಂದಳು. ಯಾರಿಗೂ ಅಲ್ಲದ್ದನ್ನು ಮಾಡುವಷ್ಟು ಭಾನುವಾರಗಳು ಅವಳ ಬಳಿ ಇಲ್ಲ. ಮೇಡಂ ತಮ್ಮ ನಿಯಮವನ್ನು ಬದಿಗಿಟ್ಟು ಟೋಪಿಗೇ ಕುಣಿಕೆ ಎತ್ತಿಕೊಟ್ಟರು. ಎರಡು ಇಂಚು ಹೆಣೆದ ಮೇಲೆ ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು. ನಮ್ಮ ಕಣ್ಣಿಗೆ ಅದರಲ್ಲಿ ದೋಷವೇನೂ ಕಾಣಲಿಲ್ಲ. ‘ಇಲ್ಲ, ಸರಿ ಬರ್ಲಿಲ್ಲ’ ಎಂದು ಕಡ್ಡಿ ಎಳೆದು ಪೂರ್ತಿ ಬಿಚ್ಚಿದಳು. ಹೊರಗೆ ಕತ್ತಲಾಗುತ್ತಿತ್ತು. ಮೇಡಂ ಎದ್ದು ದೀಪ ಹಾಕಿದರು. ಅವಳು ಮತ್ತೆ ಮೊದಲಿನಿಂದ ಕುಣಿಕೆ ಎತ್ತತೊಡಗಿದಳು.